ಉಸಿರಿಗೆ ಹಾರುವ ಪೊರೆಯೊಳಗೆ ಒಂದು ವೀಣೆ

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಊಟದ ಮೇಜಿನ ಮುಂದೆ ಕೂತಿದ್ದೆ. ಎದುರಿಗೆ ಗಾಜಿನ ಹಲಗೆ, ಅದರ ಮೇಲೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಪೊರೆ. ಅದು ಅಲ್ಲಿದೆ ಎಂದು ಗೊತ್ತಾಗುತ್ತಿದ್ದುದು ದೀಪಕ್ಕೆ ಓರೆಯಾಗಿ ನೋಡಿದಾಗ ಮಾತ್ರ. ಆಗ ಸೋಪಿನ ಗುಳ್ಳೆಯ ಮೇಲೆ ಓಡಾಡುವಂಥ ಹಸಿರು, ನೇರಳೆ ಬಣ್ಣಗಳು ಮಿಂಚಿ ಮಾಯವಾಗುತ್ತಿದ್ದವು. ಅಮ್ಮ ಹತ್ತಿರ ಬಂದು ಬಗ್ಗಿ, "ಏನೋ ಅದು, ಈರುಳ್ಳಿ ಪೊರೇನಾ?" ಅಂದರು. ಅವರ ಮಾತಿನ ಗಾಳಿ ತಾಕಿದ್ದೇ ತಡ, ಪೊರೆ ಎದ್ದು ಹಾರಿ ನನ್ನ ಅಂಗಿಯ ತೋಳಿಗೆ ಅಂಟಿಕೊಂಡಿತು. ಬಿಡಿಸಲು ಹೋದರೆ ಬೆರಳಿಗೆ, ಬೆರಳಿನಿಂದ ಮತ್ತೆ ತೋಳಿಗೆ!

ಈರುಳ್ಳಿ ಪೊರೆ ಇದರ ಮುಂದೆ ಕಂಬಳಿ. ಈ ಪೊರೆಯ ದಪ್ಪ 1.5 ಮೈಕ್ರಾನ್. ತಲೆಗೂದಲೊಂದರ ದಪ್ಪಕ್ಕೆ ಸಮ ಆಗಬೇಕಾದರೆ ಇಂಥ ನಲವತ್ತು ಐವತ್ತು ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಆ ರಾತ್ರಿ ಕಾಗದದ ಚೂರಿನ ಮೇಲೆ ಲೆಕ್ಕ ಹಾಕಿದೆ. ಒಂದು ಚದರ ಸೆಂಟಿಮೀಟರ್ ಪೊರೆಯ ತೂಕ ಸುಮಾರು 0.2 ಮಿಲಿಗ್ರಾಂ. ನಾವು ಉಸಿರಾಡುವ ಗಾಳಿ ಒಂದು ಘನ ಸೆಂಟಿಮೀಟರಿಗೆ 1.2 ಮಿಲಿಗ್ರಾಂ ತೂಗುತ್ತದೆ. ಅಂದರೆ ಪೊರೆಯ ಭಾರ, ಅದನ್ನು ಮುಟ್ಟಿಕೊಂಡಿರುವ ಗಾಳಿಯ ಪದರಗಳಲ್ಲಿ ಎರಡು ಮಿಲಿಮೀಟರಿಗಿಂತ ಕಡಿಮೆ ದಪ್ಪದ ಒಂದು ಪದರದಷ್ಟೇ! ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತುಬಿಟ್ಟೆ. ಮಾಮೂಲಿ ಹೆಡ್‌ಫೋನಿನಲ್ಲಿ ಪೊರೆಯ ಬೆನ್ನಿಗೆ ತಾಮ್ರದ ಸುರುಳಿ ಅಂಟಿಸಿರುತ್ತಾರೆ. ಅಯಸ್ಕಾಂತ ಸುರುಳಿಯನ್ನು ನೂಕುತ್ತದೆ, ಸುರುಳಿ ಪೊರೆಯನ್ನು ಎಳೆದಾಡುತ್ತದೆ. ಇಲ್ಲಿ ಸುರುಳಿಯಿಲ್ಲ, ಅಯಸ್ಕಾಂತವಿಲ್ಲ. ಗಾಳಿಯಷ್ಟೇ ಹಗುರವಾದ ವಸ್ತುವೊಂದು ಗಾಳಿಯನ್ನು ಅಲುಗಿಸುತ್ತದೆ. ಇದೇ ಎಲೆಕ್ಟ್ರೊಸ್ಟಾಟಿಕ್ ಹೆಡ್‌ಫೋನ್.

ಹಳೆಯ ಡಬ್ಬಿ ಟಿವಿ ಇದ್ದ ಕಾಲದಲ್ಲಿ ಬೆಳೆದವರಿಗೆ ಇದರ ಹಿಂದಿನ ಬಲ ಚೆನ್ನಾಗಿ ಗೊತ್ತು. ಟಿವಿ ಹಚ್ಚಿದ ಕೂಡಲೇ ಗಾಜಿನ ಹತ್ತಿರ ಕೈ ಒಯ್ದರೆ ತೋಳಿನ ರೋಮವೆಲ್ಲ ನಿಮಿರಿ ನಿಲ್ಲುತ್ತಿತ್ತಲ್ಲ, ಅದೇ. ತೂತುಗಳುಳ್ಳ ಎರಡು ಲೋಹದ ತಟ್ಟೆಗಳು, ಅವುಗಳ ನಡುವೆ ಬಿಗಿದ ಪೊರೆ. ಪೊರೆಗೆ ನೂರಾರು ವೋಲ್ಟಿನ ಸ್ಥಿರ ವಿದ್ಯುತ್, ಅಂದರೆ ಬಯಾಸ್, ತುಂಬಿರುತ್ತದೆ. ಜಪಾನಿನ ಸ್ಟಾಕ್ಸ್ ಕಂಪನಿಯ 'ಪ್ರೊ' ಮಾದರಿಗಳಲ್ಲಿ ಅದು 580 ವೋಲ್ಟ್, ಅದಕ್ಕೂ ಹಳೆಯವುಗಳಲ್ಲಿ 230. ಸಂಗೀತದ ಸಂಕೇತ ಹೋಗುವುದು ತಟ್ಟೆಗಳಿಗೆ. ಒಂದು ತಟ್ಟೆ ಪೊರೆಯನ್ನು ಸೆಳೆಯುವ ಹೊತ್ತಿಗೆ ಇನ್ನೊಂದು ದೂಡುತ್ತದೆ. ಪೊರೆಗೂ ತಟ್ಟೆಗೂ ನಡುವಿನ ಸಂದು ಅರ್ಧ ಮಿಲಿಮೀಟರ್. ಮಿಲಿಮೀಟರಿಗೆ ಸುಮಾರು 3000 ವೋಲ್ಟ್ ಆದಾಗ ಗಾಳಿ ಸೋತು ಕಿಡಿ ಹಾರುತ್ತದೆ. ನಮ್ಮ ಕಿವಿಯ ಪಕ್ಕದಲ್ಲಿ, ಸದ್ದೇ ಇಲ್ಲದಿರುವಾಗಲೂ, ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಒತ್ತಡ ಸುಮ್ಮನೆ ಕಾದು ನಿಂತಿರುತ್ತದೆ.

ಇದರೊಳಗೊಂದು ಜಾಣತನವಿದೆ. ಪೊರೆ ಒಂದು ತಟ್ಟೆಯ ಹತ್ತಿರ ಸರಿದಾಗ ಇನ್ನಷ್ಟು ಚಾರ್ಜ್ ಅದರೊಳಕ್ಕೆ ನುಗ್ಗಲು ನೋಡುತ್ತದೆ. ನುಗ್ಗಿದರೆ ಸೆಳೆತ ಏರುಪೇರಾಗಿ ನಾದ ಕೆಡುತ್ತದೆ. ಹಾಗಾಗಿ ದಾರಿಯಲ್ಲಿ ಭಾರೀ ರೆಸಿಸ್ಟರ್ ಒಂದನ್ನು, ನನ್ನದರಲ್ಲಿ 5 ಮೆಗಾಓಮ್, ಕಾವಲಿಗೆ ಕೂರಿಸುತ್ತಾರೆ. ಸೂಜಿಗಣ್ಣಿನಷ್ಟು ಬಾಯಿರುವ ಮಡಕೆಯಂತೆ, ಒಮ್ಮೆ ತುಂಬಿದ ಮೇಲೆ ಅವಸರಕ್ಕೆ ಒಳಗೂ ಬಾರದು, ಹೊರಗೂ ಹೋಗದು. ಪೊರೆಯ ಮೇಲಿನ ಲೇಪಕ್ಕೂ ಇದೇ ನಿಯಮ. ಅದು ವಿದ್ಯುತ್ತನ್ನು ಬಿಟ್ಟೂ ಬಿಡದಂತೆ ಹರಿಸಬೇಕು. ಪೆನ್ಸಿಲ್ಲಿನ ಗ್ರಾಫೈಟ್ ಪುಡಿಯನ್ನು ಹತ್ತಿಯಲ್ಲಿ ಉಜ್ಜಿ, ಆಮೇಲೆ ಕಣ್ಣಿಗೇ ಕಾಣದಷ್ಟು ಒರೆಸಿ ತೆಗೆದರೆ ಆ ಲೇಪ ಸಿದ್ಧ. ಎಷ್ಟೊಂದು ಗಹನವಾದ ವಿಜ್ಞಾನ, ಎಷ್ಟು ಬಡ ಸಾಮಗ್ರಿ!

1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇಂದಿನ ಸುರುಳಿ ಸ್ಪೀಕರಿನ ಪ್ರಬಂಧ ಪ್ರಕಟಿಸಿದರು. ಜಗತ್ತು ಆ ದಾರಿ ಹಿಡಿಯಿತು. ಸ್ಥಿರವಿದ್ಯುತ್ತಿನ ದಾರಿಗೆ ತಕ್ಕ ತೆಳು ಪ್ಲಾಸ್ಟಿಕ್ ಆಗಿನ್ನೂ ಹುಟ್ಟಿರಲಿಲ್ಲ. ಅದು ಬಂದ ಮೇಲೆ ಇಂಗ್ಲೆಂಡಿನ ಪೀಟರ್ ವಾಕರ್ 1957ರಲ್ಲಿ ಕ್ವಾಡ್ ಎಲೆಕ್ಟ್ರೊಸ್ಟಾಟಿಕ್ ಸ್ಪೀಕರನ್ನು ಮಾರುಕಟ್ಟೆಗೆ ತಂದರು. 1938ರಲ್ಲಿ ಶುರುವಾಗಿದ್ದ ಸ್ಟಾಕ್ಸ್ ಅದನ್ನು ಕಿವಿಯ ಅಳತೆಗೆ ಇಳಿಸಿತು. 1959ರಲ್ಲಿ ಮಾದರಿ ತೋರಿಸಿ, ಮರುವರ್ಷ ಎಸ್‌ಆರ್-1 ಹೆಸರಲ್ಲಿ ಮಾರಿತು. ಅವರು ಇದನ್ನು ಹೆಡ್‌ಫೋನ್ ಎನ್ನುವುದಿಲ್ಲ, ಇಯರ್‌ಸ್ಪೀಕರ್ ಎನ್ನುತ್ತಾರೆ.

ನನ್ನ ಕೈಗೆ ಬಂದದ್ದು ಮೂರು ಕೈ ದಾಟಿದ್ದ ಒಂದು ಹಳೆಯ 'ಪ್ರೊ' ಜೋಡಿ. ಎಡಗಿವಿ ಚೆನ್ನಾಗಿತ್ತು. ಬಲಗಿವಿ ಹಚ್ಚಿದ ಹತ್ತು ನಿಮಿಷಕ್ಕೆ ಸೊರಗತೊಡಗುತ್ತಿತ್ತು. ಅರ್ಧ ಗಂಟೆಗೆ ಪಿಸುಮಾತಾಗುತ್ತಿತ್ತು. ಬೇಸಿಗೆಯಲ್ಲಿ ಪರವಾಗಿಲ್ಲ ಎನ್ನುವಂತಿದ್ದದ್ದು ಜುಲೈ ಮಳೆ ಹಿಡಿದ ಮೇಲೆ ಪೂರಾ ಮಲಗಿತು. ಮೀಟರ್ ತಂದು ಬಯಾಸ್ ಅಳೆದೆ. 580 ಇರಬೇಕಾದಲ್ಲಿ 387! ವಿದ್ಯುತ್ ಪೂರೈಕೆಯೇ ಕೆಟ್ಟಿದೆ ಎಂದುಕೊಂಡು ಎರಡು ದಿನ ಬಿಡಿಭಾಗ ಬದಲಿಸಿದೆ. ಮತ್ತೆ ಅಳೆದರೂ 387. ಮೂರನೇ ದಿನ ಬೆಳಗಿನ ಜಾವ ಫಕ್ಕನೆ ಹೊಳೆಯಿತು. ಮೀಟರಿನದೇ ಆಂತರಿಕ ರೋಧ 10 ಮೆಗಾಓಮ್. ಕಾವಲಿನ ರೆಸಿಸ್ಟರ್ 5. ಹದಿನೈದರಲ್ಲಿ ಹತ್ತು ಪಾಲು ಮಾತ್ರ ಮೀಟರಿಗೆ ಕಾಣುತ್ತದೆ. 580ರ ಮೂರರಲ್ಲಿ ಎರಡು ಪಾಲು ಎಂದರೆ 387. ಪೂರೈಕೆ ಮೊದಲಿನಿಂದಲೂ ಸರಿಯಾಗಿಯೇ ಇತ್ತು, ಅಳೆಯಹೋದ ಮೀಟರೇ ವೋಲ್ಟೇಜನ್ನು ಕುಡಿಯುತ್ತಿತ್ತು. ಅಷ್ಟು ನಾಜೂಕು!

ಅಲ್ಲಿಂದಲೇ ಬಲಗಿವಿಯ ರೋಗವೂ ತಿಳಿಯಿತು. ಮೀಟರ್ ಮಾಡುತ್ತಿದ್ದುದನ್ನೇ ಒಳಗೆ ಧೂಳು ಮತ್ತು ತೇವ ಸೇರಿ ಮಾಡುತ್ತಿದ್ದವು. ಸಂದಿನಲ್ಲಿ ಎಲ್ಲೋ 5 ಮೆಗಾಓಮಿನ ಒಂದು ಸೋರುವ ಹಾದಿ ಸಿಕ್ಕರೂ ಸಾಕು, ಬಯಾಸ್ ಅರ್ಧಕ್ಕಿಳಿಯುತ್ತದೆ, ಸದ್ದು 6 ಡೆಸಿಬೆಲ್ ಬೀಳುತ್ತದೆ. ತಿರುಪು ಬಿಚ್ಚಿ ತೆರೆದರೆ ತಟ್ಟೆಯ ಅಂಚಿನಲ್ಲಿ ಒಂದೇ ಒಂದು ನೂಲಿನೆಳೆ, ಅದರ ಸುತ್ತ ಕಂದು ಧೂಳು. ಪೊರೆ ಅಲ್ಲಿ ಸುಕ್ಕುಗಟ್ಟಿತ್ತು. ಹೊಸ ಪೊರೆ ಎಳೆಯದೆ ಬೇರೆ ದಾರಿ ಇರಲಿಲ್ಲ.

ಹೀಗೆ ನಾನು ಊಟದ ಮೇಜಿಗೆ ಬಂದು ಕೂತದ್ದು. ಗಾಜಿನ ಮೇಲೆ ಪೊರೆ ಹಾಸಿ, ನಾಲ್ಕೂ ಕಡೆ ಟೇಪು ಹಚ್ಚಿ, ಎದುರುಬದುರು ಅಂಚುಗಳನ್ನು ಕೂದಲೆಳೆಯಷ್ಟಷ್ಟೇ ಜಗ್ಗುತ್ತಾ ಹೋಗಬೇಕು, ನವಾರು ಮಂಚ ಬಿಗಿದ ಹಾಗೆ. ಸಡಿಲವಾದರೆ ಪೊರೆ ತಟ್ಟೆಗೆ ಹೋಗಿ ಅಂಟುತ್ತದೆ. ಬಿಗಿ ಹೆಚ್ಚಾದರೆ ಮಂದ್ರ ಸ್ವರಗಳು ಸೊರಗುತ್ತವೆ. ಅಂಟು ಬಳಿದ ಚೌಕಟ್ಟನ್ನು ಮೇಲಿಟ್ಟು ಒಂದು ರಾತ್ರಿ ಬಿಡಬೇಕು. ಆರು ಪೊರೆಗಳು ಹರಿದವು. ಏಳನೆಯದು ನಿಂತಿತು. ಬೆಳಗ್ಗೆ ಅದರ ಮೇಲೆ ಮೆಲ್ಲಗೆ ಊದಿದಾಗ ಅದು ನಡುಗಿ ಮತ್ತೆ ಕನ್ನಡಿಯಂತೆ ಸಮವಾದದ್ದನ್ನು ನೋಡಿದ ಆ ಗಳಿಗೆಯನ್ನು ನಾನು ಮರೆಯಲಾರೆ.

ಆಮೇಲೆ ಹುಚ್ಚು ಬಲಿಯಿತು. ಇನ್ನೊಂದು ಜೋಡಿಯನ್ನು ಪೂರ್ತಿ ನಾನೇ ಕಟ್ಟಿದೆ. ಲೋಹದ ತಟ್ಟೆಯ ಬದಲು ತೂತು ಕೊರೆಸಿದ ಪಿಸಿಬಿ ಹಲಗೆ. ಮೊದಲ ಸಲ ವಿದ್ಯುತ್ ಕೊಟ್ಟಾಗ ಕಿವಿಯಲ್ಲಿ ಒಗ್ಗರಣೆ ಸಿಡಿದಂತೆ ಚಟಚಟ. ತೂತಿನ ಅಂಚಿನ ತಾಮ್ರದ ಮುಳ್ಳುಗಳಿಂದ ವಿದ್ಯುತ್ ಸೋರುತ್ತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ವಾರ್ನಿಶ್ ಬಳಿದ ಮೇಲೆ ನಿಶ್ಶಬ್ದ.

ಇನ್ನು ಆಂಪ್ಲಿಫೈಯರ್. ನಿಜವಾದ ಕಷ್ಟ ಇರುವುದು ಇಲ್ಲೇ ಎಂಬುದು ನನ್ನ ಅನುಭವ. ಮಾಮೂಲಿ ಹೆಡ್‌ಫೋನಿಗೆ ಒಂದೆರಡು ವೋಲ್ಟ್ ಸಾಕು. ಇದಕ್ಕೆ ನೂರಾರು ಬೇಕು. ಸ್ಟಾಕ್ಸ್‌ನ ಎಸ್‌ಆರ್‌ಎಂ-717 ಆಂಪ್ 450 ವೋಲ್ಟಿನವರೆಗೆ ಕೊಡುತ್ತದೆ. ಹೆಡ್‌ಫೋನ್ ಮತ್ತು ಅದರ ಚಪ್ಪಟೆ ಕೇಬಲ್ ಸೇರಿ ಸುಮಾರು 110 ಪಿಕೊಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್ ಅಷ್ಟೇ. ಮಂದ್ರದಲ್ಲಿ ಅದು ಕರೆಂಟನ್ನೇ ಕೇಳುವುದಿಲ್ಲ, ತಾರಕ್ಕೇರಿದಂತೆ ಹಸಿವು ಹೆಚ್ಚುತ್ತದೆ. ಸೆನ್‌ಹೈಸರ್ 2015ರಲ್ಲಿ ತೋರಿಸಿದ ಅಮೃತಶಿಲೆಯ ಪೀಠದ ಎಚ್‌ಇ-1ರಲ್ಲಿ ಎಂಟು ನಿರ್ವಾತ ಕೊಳವೆಗಳಿದ್ದರೂ, ಕೊನೆಯ ಹಂತದ ಆಂಪನ್ನು ಕಿವಿಬಟ್ಟಲೊಳಗೇ ಕೂರಿಸಿದ್ದಾರೆ. ಕೇಬಲ್ಲಿನ ಆ ಹೊರೆಯನ್ನು ತಪ್ಪಿಸುವ ದಾರಿ ಅದು. ಅಮೆರಿಕದ ಕೆವಿನ್ ಗಿಲ್ಮೋರ್ ತಮ್ಮ ಆಂಪ್ ವಿನ್ಯಾಸಗಳನ್ನು ಹವ್ಯಾಸಿಗಳ ಮುಂದೆ ತೆರೆದಿಟ್ಟರು. ನಾಲ್ಕು ಇಎಲ್34 ಕೊಳವೆಗಳ ಅವರ ಬ್ಲೂ ಹವಾಯ್ ವಿನ್ಯಾಸವನ್ನು ಹೆಡ್‌ಆಂಪ್ ಕಂಪನಿ ತಯಾರಿಸಿ ಮಾರುತ್ತದೆ, ಮನೆಯಲ್ಲೇ ಕಟ್ಟಿಕೊಂಡವರೂ ಇದ್ದಾರೆ. ವಿದ್ಯೆಯನ್ನು ಹೀಗೆ ಹಂಚುವವರ ಋಣ ತೀರುವಂಥದ್ದಲ್ಲ. ನಾನು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಬಿಡಿಭಾಗ ಕೂಡಿಸಿ, ಅವರ ದಾರಿಯಲ್ಲೇ ಇನ್ನೂ ಸರಳವಾದದ್ದೊಂದನ್ನು ಬೆಸೆದೆ.

ಹೋಲಿಸಿ ನೋಡುವ ಕೆಲಸಕ್ಕೆ ತಮ್ಮನನ್ನು ಕೂರಿಸಿಕೊಂಡೆ. ಸದ್ದು ಒಂದು ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನೇ ಚೆನ್ನ ಎನ್ನುತ್ತದೆ. ಹಾಗಾಗಿ ಮೊದಲು ಮೈಕ್ ಇಟ್ಟು ಎರಡೂ ಆಂಪುಗಳ ಸದ್ದನ್ನು ಸಮ ಮಾಡಿದೆವು. ಒಂದು ನಾನು ಕಟ್ಟಿದ್ದು, ಇನ್ನೊಂದು ಸ್ಪೀಕರ್ ಆಂಪಿಗೆ ಜೋಡಿಸುವ ಹಳೆಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ನನ್ನ ಬೆನ್ನ ಹಿಂದೆ ಅವನು ಪ್ಲಗ್ ಬದಲಿಸುತ್ತಿದ್ದ. ಯಾವುದೆಂದು ಹೇಳುತ್ತಿರಲಿಲ್ಲ. ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದೆವು. ಅಯ್ಯೋ, ಆ ನಾದ! ಮೀಟಿನ ನಂತರ ಎಡಗೈ ಬೆರಳು ತಂತಿಯ ಮೇಲೆ ಸವರಿಕೊಂಡು ಸರಿಯುವ ಸದ್ದು, ಮೆಟ್ಟಿಲಿಂದ ಮೆಟ್ಟಿಲಿಗೆ ಎಳೆದ ಗಮಕದ ಒಳಮೈ, ಹಿಂದೆ ತಂಬೂರಿಯ ಕುದುರೆಯ ಮೇಲೆ ನೂಲು ಮುಟ್ಟಿದಲ್ಲಿ ಹುಟ್ಟುವ ಆ ಝೇಂಕಾರ. ವೀಣೆಯಲ್ಲಿ ಎರಡು ಆಂಪುಗಳ ನಡುವೆ ವ್ಯತ್ಯಾಸ ಹಿಡಿಯಲು ನನ್ನಿಂದ ಆಗಲೇ ಇಲ್ಲ. ಮೃದಂಗದ ಎಡಮುಖದ ಗುಂಕಾರ ಜೋರಾಗಿ ಬಂದಾಗ ಮಾತ್ರ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಮೆತ್ತಗಾಗುತ್ತಿತ್ತು. ಹೆಡ್‌ಫೋನುಗಳ ನಡುವಿನ ಅಂತರ ಆಂಪುಗಳ ನಡುವಿನದಕ್ಕಿಂತ ಬಹಳ ದೊಡ್ಡದು. ಹಣವಿದ್ದರೆ ಮೊದಲು ಅಲ್ಲಿ ಹಾಕಿ.

ಅಟ್ಟದ ಮೇಲೆ ಒಂದು ಕಿವಿ ಸತ್ತ ಇಂಥ ಜೋಡಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಒಂದು ನೂಲಿನೆಳೆಯಷ್ಟೇ ಅಡ್ಡಬಂದಿರಬಹುದು. ಪೊರೆಯ ಬಯಾಸ್ ಮುಟ್ಟಿದರೆ ಚುರುಕ್ ಎನ್ನುತ್ತದೆ ಅಷ್ಟೇ, ಆದರೆ ಆಂಪಿನೊಳಗಿನ ನಾನೂರು ವೋಲ್ಟ್ ಜೀವ ತೆಗೆಯುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಆಂಪಿನ ಮುಚ್ಚಳ ತೆಗೆದ ಕೂಡಲೇ ಕೈ ಹಾಕಬೇಡಿ. ಮೀಟರ್ ಹಿಡಿದು, ಅದು ಸೊನ್ನೆಗೆ ಇಳಿದಿದೆಯೇ ಎಂದು ನೋಡಿ, ಆಮೇಲೆ ಮುಟ್ಟಿ.