ಹಸಿರು ಬೊಟ್ಟು ಗೂಗಲ್‌ಗೆ ಕಾಣುವುದಿಲ್ಲ

ವರ್ಡ್‌ಪ್ರೆಸ್‌ನಲ್ಲಿ ಜಾಲತಾಣ ಕಟ್ಟಿಕೊಂಡವರಿಗೆ ಎಲ್ಲರೂ ಹೇಳುವ ಮೊದಲ ಮಾತು, 'ಒಂದು ಎಸ್‌ಇಒ ಪ್ಲಗಿನ್ ಹಾಕಿಬಿಡಿ, ಗೂಗಲ್‌ನಲ್ಲಿ ಮೇಲೆ ಬರುತ್ತೀರಿ' ಎಂಬುದು. ಹಾಕಿದ್ದೇ ತಡ, ಬರೆಯುವ ಪುಟದ ಪಕ್ಕದಲ್ಲಿ ಕೆಂಪು, ಕಿತ್ತಳೆ, ಹಸಿರು ಬೊಟ್ಟುಗಳು ಕಾಣಿಸಿಕೊಳ್ಳುತ್ತವೆ. ಕೆಂಪು ಹಸಿರಾಗಲೆಂದು ಒಂದೇ ಪದವನ್ನು ಶೀರ್ಷಿಕೆಗೆ, ಮೊದಲ ಪ್ಯಾರಾಕ್ಕೆ, ಚಿತ್ರದ ಅಡಿಬರಹಕ್ಕೆ ತುರುಕುವ ಕೆಲಸ ಶುರುವಾಗುತ್ತದೆ. ಆದರೆ ಆ ಬೊಟ್ಟು ಪ್ಲಗಿನ್ ಬರೆದವರ ಅಂದಾಜು. ಅಡ್ಮಿನ್ ಪುಟದೊಳಗೆ ಹುಟ್ಟಿ ಅಲ್ಲೇ ಉಳಿಯುತ್ತದೆ. ಗೂಗಲ್‌ನ ಬಾಟ್ ಬಂದು ಓದುವುದು ಸರ್ವರ್ ಹೊರಗೆ ಕಳಿಸುವ ಪುಟವನ್ನು, ಅಡ್ಮಿನ್ ಪುಟವನ್ನಲ್ಲ. ಹಾಗಾಗಿ ಪ್ಲಗಿನ್ ಯಾವುದೇ ಪುಟವನ್ನು ಮೇಲಕ್ಕೆತ್ತಲಾರದು. ದಾರಿಯಲ್ಲಿ ಬಿದ್ದ ಕಲ್ಲುಮುಳ್ಳು ತೆಗೆಯಬಲ್ಲದು. ಎಚ್ಚರ ತಪ್ಪಿದರೆ ಹೊಸ ಕಲ್ಲನ್ನೂ ಹಾಕಬಲ್ಲದು.

ಹಳೆಯ ನಂಬಿಕೆಗಳು ಎಷ್ಟು ಗಟ್ಟಿ ಎಂಬುದಕ್ಕೆ ಕೀವರ್ಡ್ಸ್ ಮೆಟಾ ಟ್ಯಾಗ್ ಸಾಕ್ಷಿ. ಹುಡುಕಾಟದ ಫಲಿತಾಂಶಗಳಿಗೆ ಕ್ರಮ ಕೊಡುವಾಗ ಇದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಬಹಿರಂಗವಾಗಿ ಹೇಳಿತ್ತು. ಆದರೂ ಆ ಖಾನೆ ತುಂಬಿಸುವವರು ಇನ್ನೂ ಇದ್ದಾರೆ. ತಾಣದ ವಿಳಾಸಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಲ್ಲಿ ಪ್ರತಿ ಪುಟಕ್ಕೂ ಆದ್ಯತೆಯ ಅಂಕಿ ಕೊಡುವುದೂ ಅಷ್ಟೆ, ಗೂಗಲ್ ಆ ಅಂಕಿಯನ್ನು ಪಕ್ಕಕ್ಕಿಡುತ್ತದೆ. ಕೊನೆಯ ಬದಲಾವಣೆಯ ದಿನಾಂಕ ಸತತವಾಗಿ ನಿಜವಾಗಿದ್ದರೆ ಅದನ್ನಷ್ಟೇ ಗಮನಿಸುತ್ತದೆ. ಸೈಟ್‌ಮ್ಯಾಪ್‌ಗಾಗಿಯೇ ಪ್ಲಗಿನ್ ಬೇಕೆಂಬ ಮಾತಿಗೂ ಈಗ ಬಲವಿಲ್ಲ. 2020ರ ಆಗಸ್ಟ್‌ನಲ್ಲಿ ಬಂದ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಅದನ್ನು ಮಾಡಿಕೊಡುತ್ತಿದೆ.

ಪ್ಲಗಿನ್ ನಿಜಕ್ಕೂ ಬೇಕಾಗುವುದು ಗೊಂದಲ ಕಡಿಮೆ ಮಾಡುವುದಕ್ಕೆ. ಒಂದೇ ಬರಹದ ಸಾರ ಟ್ಯಾಗ್ ಪುಟದಲ್ಲಿ, ತಿಂಗಳ ಪುಟದಲ್ಲಿ, ಲೇಖಕರ ಪುಟದಲ್ಲಿ ಹರಡಿರುತ್ತದೆ. ಹಳೆಯ ತಾಣಗಳಲ್ಲಿ ಪ್ರತಿ ಚಿತ್ರಕ್ಕೂ ಒಂದು ಬೋಳು ಪುಟ ಬೇರೆ. ಅಸಲಿ ವಿಳಾಸ ಯಾವುದೆಂದು ಸೂಚಿಸುವ ಕೆನಾನಿಕಲ್ ಟ್ಯಾಗ್ ಅನ್ನು ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸೇರಿ 2009ರ ಫೆಬ್ರುವರಿಯಲ್ಲಿ ತಂದದ್ದು ಈ ಕಾರಣಕ್ಕೆ. ಅದೇ ವರ್ಷದ ಡಿಸೆಂಬರ್‌ನಿಂದ ಲೇಖನದ ಪುಟಗಳಿಗೆ ವರ್ಡ್‌ಪ್ರೆಸ್ ಈ ಟ್ಯಾಗ್ ಅನ್ನು ತಾನೇ ಮುದ್ರಿಸುತ್ತಿದೆ. ಹೊಸದಾಗಿ ಪ್ಲಗಿನ್ ಬರೆಯುವವರು ಇದನ್ನು ಮರೆತು, ಪುಟದ ತಲೆಭಾಗಕ್ಕೆ ಕೋಡ್ ಸೇರಿಸಲೆಂದು ಇರುವ ಹುಕ್‌ಗೆ ತಮ್ಮ ಟ್ಯಾಗ್ ಅನ್ನೂ ಕಟ್ಟಿಬಿಡುತ್ತಾರೆ. ಮೂಲ ಟ್ಯಾಗ್ ಅನ್ನು ಹುಕ್‌ನಿಂದ ಬಿಚ್ಚದಿದ್ದರೆ ಪುಟದಲ್ಲಿ ಎರಡು ಕೆನಾನಿಕಲ್. ಎರಡೂ ಬೇರೆ ಬೇರೆ ವಿಳಾಸ ಹೇಳಿದರೆ ಗೂಗಲ್ ಎರಡನ್ನೂ ನಂಬದೆ ತನ್ನ ದಾರಿ ನೋಡಿಕೊಳ್ಳುವ ಸಾಧ್ಯತೆಯೇ ಹೆಚ್ಚು. ದೊಡ್ಡ ಪ್ಲಗಿನ್‌ಗಳೂ ಎಡವುತ್ತವೆ: 2018ರ ಮಾರ್ಚ್‌ನಲ್ಲಿ ಯೋಸ್ಟ್ ಎಂಬ ಎಸ್‌ಇಒ ಪ್ಲಗಿನ್‌ನ 7.0 ಆವೃತ್ತಿಗೆ ಬಂದ ಕೆಲವು ತಾಣಗಳಲ್ಲಿ ಚಿತ್ರದ ಪುಟಗಳನ್ನು ಬೇರೆಡೆಗೆ ತಿರುಗಿಸುವ ಆಯ್ಕೆ ತಾನಾಗಿ ಬದಲಾಗಿ, ಬೋಳು ಪುಟಗಳೆಲ್ಲ ಗೂಗಲ್‌ನ ಕಣ್ಣಿಗೆ ಬಿದ್ದವು. ವರ್ಡ್‌ಪ್ರೆಸ್ ಹೊಸ ತಾಣಗಳಿಗೆ ಅಂಥ ಪುಟಗಳನ್ನೇ ನಿಲ್ಲಿಸಿದ್ದು 2023ರ 6.4ರಲ್ಲಿ. ಗೊಂದಲ ತೆಗೆಯಲು ಬಾಟ್‌ಗಳು ಎಲ್ಲಿಗೆ ಬರಬಾರದೆಂದು ಹೇಳುವ ರೋಬೋಟ್ಸ್ ಕಡತದಲ್ಲಿ ತಡೆ ಹಾಕಿದರೆ ಸಾಕೆಂಬುದು ಇನ್ನೊಂದು ತಪ್ಪು. ಬಾಟ್ ಒಳಗೆ ಬರದಿದ್ದರೆ, 'ನನ್ನನ್ನು ಪಟ್ಟಿಗೆ ಸೇರಿಸಬೇಡ' ಎಂದು ಪುಟದೊಳಗೆ ಬರೆದ 'ನೋಇಂಡೆಕ್ಸ್' ಸೂಚನೆ ಅದಕ್ಕೆ ಕಾಣುವುದಾದರೂ ಹೇಗೆ? ಬೇರೆ ತಾಣದಲ್ಲಿ ಕೊಂಡಿ ಸಿಕ್ಕರೆ ಬರೀ ವಿಳಾಸವನ್ನೇ ಫಲಿತಾಂಶದಲ್ಲಿ ತೋರಿಸಬಹುದು.

'ಪ್ಲಗಿನ್ ಹಾಕಿದ ಮೇಲೆ ಓದುಗರು ಹೆಚ್ಚಾದರಲ್ಲ' ಎಂದು ಕೇಳುವವರಿದ್ದಾರೆ. ಹೆಚ್ಚಾಗಿರಬಹುದು. ಹೊಸ ತಾಣವನ್ನು ಗೂಗಲ್ ಗುರುತಿಸಲು ಹೇಗೂ ಒಂದಷ್ಟು ಕಾಲ ಬೇಕು. ಅಷ್ಟರಲ್ಲಿ ಪ್ಲಗಿನ್ ಬಂದಿದ್ದರೆ, ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋದಂತೆ. ಕೆಲವೊಮ್ಮೆ ಪ್ಲಗಿನ್ ನಿಜವಾದ ದೋಷವನ್ನೇ ತೋರಿಸಿರುತ್ತದೆ. ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಟಿಕ್ ಇದೆ. ತಾಣ ಕಟ್ಟುವಾಗ ಹಾಕಿ, ಉದ್ಘಾಟನೆಯ ದಿನ ತೆಗೆಯಲು ಮರೆತವರು ಕಡಿಮೆಯಿಲ್ಲ. ಪ್ಲಗಿನ್ ಅದರ ಬಗ್ಗೆ ಎಚ್ಚರಿಸಿದರೆ ದೊಡ್ಡ ಉಪಕಾರವೇ. ಆದರೆ ಅದು ಅಡ್ಡಿ ತೆಗೆದ ಉಪಕಾರ.

ಕನ್ನಡದ ತಾಣಗಳಲ್ಲಿ ಈ ಅಡ್ಡಿಗಳು ಬೇರೆಯೇ ರೂಪದಲ್ಲಿ ಬರುತ್ತವೆ. ಪ್ಲಗಿನ್ ಬರೆಯುವವರಿಗೆ ನಿಜವಾದ ಕೆಲಸ ಇರುವುದೂ ಇಲ್ಲೇ. 'ಕರ್ನಾಟಕದಲ್ಲಿ ಮುಂಗಾರು ಮಳೆ ಕೊರತೆ' ಎಂಬ ಶೀರ್ಷಿಕೆ ತೆಗೆದುಕೊಳ್ಳಿ. ವಿಳಾಸವಾಗುವಾಗ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ, ಒತ್ತು ಗುಣಿತಗಳೂ ಸೇರಿ, ಶೇಕಡಾ ಗುರುತಿನೊಂದಿಗೆ 9 ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ. ಸ್ಲಗ್‌ಗೆ, ಅಂದರೆ ಶೀರ್ಷಿಕೆಯಿಂದಾಗುವ ವಿಳಾಸದ ತುಣುಕಿಗೆ, ವರ್ಡ್‌ಪ್ರೆಸ್ ಇಟ್ಟಿರುವ ಮಿತಿ 200. ಮೊದಲ ಪದಕ್ಕೆ 108, ಎರಡನೆಯದಕ್ಕೆ 63, ಮೂರನೆಯದಕ್ಕೆ 27, ನಡುವಿನ ಎರಡು ಅಡ್ಡಗೆರೆ: ಸರಿಯಾಗಿ 200. 'ಕೊರತೆ'ಗೆ ಜಾಗವಿಲ್ಲ! ಬರದ ಸುದ್ದಿಯ ವಿಳಾಸದಲ್ಲಿ ಮಳೆ ಸುರಿಯುತ್ತದೆ. ವಿಳಾಸದ ಪದಗಳಿಗೆ ಗೂಗಲ್ ಕೊಡುವ ತೂಕ ತೀರಾ ಕಡಿಮೆ, ಕನ್ನಡ ವಿಳಾಸಕ್ಕೆ ಅದರ ಆಕ್ಷೇಪವೂ ಇಲ್ಲ, ನಿಜ. ಆದರೆ ಓದುಗರ ಕಣ್ಣಿಗೆ ಬೀಳುವ ವಿಳಾಸ ಹೀಗಿರಬಾರದು. ಉಳಿಸುವ ಮೊದಲೇ 'ಸ್ಲಗ್ ತುಂಡಾಗುತ್ತಿದೆ, ಚಿಕ್ಕದು ಕೊಡಿ' ಎಂದು ಎಚ್ಚರಿಸುವ ಪುಟ್ಟ ಪ್ಲಗಿನ್ ಹತ್ತು ಬೊಟ್ಟುಗಳಿಗಿಂತ ಮೇಲು. ಪುಟದ ಮೆಟಾ ವಿವರಣೆಯನ್ನು 155 ಬೈಟ್‌ಗೆ ಕತ್ತರಿಸುವ ಕೋಡ್ ಕೂಡ ಇಂಗ್ಲಿಷ್‌ಗೆ ಸರಿ. ಕನ್ನಡದ ಒಂದು ಚಿಹ್ನೆಗೆ 3 ಬೈಟ್ ಬೇಕಾದ್ದರಿಂದ ಕತ್ತರಿ ನಡುವೆ ಬಿದ್ದು, ಸಾಲಿನ ಕೊನೆಗೆ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಉಳಿಯಬಹುದು. ಪದಗಳ ನಡುವಿನ ಖಾಲಿ ಜಾಗ ನೋಡಿ ಕತ್ತರಿಸಿದರೆ ಈ ತಾಪತ್ರಯವೇ ಇಲ್ಲ.

ಬೊಟ್ಟುಗಳಿಂದ ಹೊಸಬರಿಗೆ ಶಿಸ್ತು ಬರುತ್ತದೆ ಎಂಬ ವಾದ ಇಂಗ್ಲಿಷ್ ಬರಹದ ಮಟ್ಟಿಗೆ ಒಪ್ಪತಕ್ಕದ್ದೇ. ಆದರೆ 'ಮೈಸೂರು' ಎಂದು ಕೀವರ್ಡ್ ಕೊಟ್ಟು 'ಮೈಸೂರಿನ', 'ಮೈಸೂರಿಗೆ', 'ಮೈಸೂರಲ್ಲಿ' ಎಂದು ಸಹಜವಾಗಿ ಬರೆದರೆ, ವಿಭಕ್ತಿ ಅರಿಯದ ಪ್ಲಗಿನ್ ಆ ಪದ ಒಮ್ಮೆಯೂ ಬಂದಿಲ್ಲ ಎನ್ನುತ್ತದೆ. ಅದರ ಮನವೊಲಿಸಲು 'ಮೈಸೂರು ಗೆ' ಎಂದು ಬಿಡಿಸಿ ಬರೆದ ಸಾಲುಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಬರಹ ಓದಲು ಸುಲಭವೇ ಎಂದು ಅಳೆಯಲು ಕೆಲವು ಪ್ಲಗಿನ್‌ಗಳು ಬಳಸುವ ಫ್ಲೆಶ್ ಸೂತ್ರ 1948ರಲ್ಲಿ ಇಂಗ್ಲಿಷ್‌ಗೆಂದು ರೂಪುಗೊಂಡದ್ದು. ಒಂದು ಪದಕ್ಕೆ ಉಚ್ಚಾರದ ತುಣುಕು ಹೆಚ್ಚಾದಷ್ಟೂ ಅಂಕ ಇಳಿಯುತ್ತದೆ. ಅದನ್ನು ಕನ್ನಡಕ್ಕೆ ಹಚ್ಚಿದರೆ, 'ಹೋಗಬೇಕಾಗಿರಲಿಲ್ಲ' ಎಂಬ ಮನೆಮಾತೂ ಕಠಿಣ ಪದವಾಗುತ್ತದೆ.

ಪ್ಲಗಿನ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಡ್ಯಾಶ್‌ಬೋರ್ಡ್ ಬೇಕಿಲ್ಲ. ಲಾಗ್‌ಔಟ್ ಆಗಿ ಪುಟ ತೆರೆದು ಕಂಟ್ರೋಲ್ ಜೊತೆ ಯು ಒತ್ತಿ. ಶೀರ್ಷಿಕೆ ಒಂದೇ ಇದೆಯೇ, ಕೆನಾನಿಕಲ್ ಒಂದೇ ಇದ್ದು ಸರಿಯಾದ ವಿಳಾಸ ತೋರಿಸುತ್ತಿದೆಯೇ, ಕಾಣಬೇಕಾದ ಪುಟದಲ್ಲಿ 'ನೋಇಂಡೆಕ್ಸ್' ಅಡಗಿ ಕುಳಿತಿಲ್ಲವೇ, ವಿವರಣೆಯ ಕೊನೆಯ ಅಕ್ಷರ ಇಡಿಯಾಗಿದೆಯೇ ಎಂದು ನೋಡಿ. ಗೂಗಲ್‌ಗೆ ಕಾಣುವುದೂ ಇದೇ ಸಾಲುಗಳು.