ಯಾರ ಮುಂದೆ ಕೊಟ್ಟ ಉತ್ತರ?

ದರೋಜಿ ಕರಡಿಧಾಮಕ್ಕೆ ಹೋದವರು ಸಂಜೆಯ ಹೊತ್ತಿಗೆ ವೀಕ್ಷಣಾ ಗೋಪುರ ಏರುತ್ತಾರೆ. ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುವ ರೂಢಿ ಇರುವುದರಿಂದ ಕರಡಿಗಳು ಗುಡ್ಡ ಇಳಿದು ಬರುತ್ತವೆ. 1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ಹೀಗೆ ಕರಡಿ ನೋಡುವುದೇ ಒಂದು ಸೊಗಸು. ಆದರೆ ಅಲ್ಲಿ ಕಾಣುವುದು ಬೆಲ್ಲ ನೆಕ್ಕುವ ಕರಡಿ. ಗೆದ್ದಲಹುತ್ತ ಕೆದರುವ, ರಾತ್ರಿಯೆಲ್ಲ ಕುರುಚಲು ಕಾಡು ಅಲೆಯುವ ಕರಡಿಯ ಬದುಕು ಗೋಪುರದಿಂದ ತಿಳಿಯುವುದಿಲ್ಲ.

ಮನುಷ್ಯರು ಇನ್ನೊಬ್ಬರ ಎದುರಿಗೆ ಹೇಗೆ ಯೋಚಿಸುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ ಎಂದು ಹುಡುಕುವ ಸಾಮಾಜಿಕ ಮನೋವಿಜ್ಞಾನಕ್ಕೂ ಇದೇ ತೊಡಕು. ನೋಡಲು ನಿಂತರೆ ನಡತೆ ಬದಲಾಗುತ್ತದೆ, ಕೇಳಲು ಕೂತರೆ ಉತ್ತರ ಬದಲಾಗುತ್ತದೆ. ಆ ಶಾಸ್ತ್ರದ ಒಳ್ಳೆಯ ವಿಧಾನಗಳಲ್ಲಿ ಹಲವು ಈ ತೊಡಕನ್ನು ಬಿಡಿಸಲು ಹುಟ್ಟಿದವು.

ಕಾಡಂಚಿನ ಹಳ್ಳಿಯೊಂದರಲ್ಲಿ ಸಮೀಕ್ಷೆ ನಡೆಯುತ್ತಿದೆ ಎಂದುಕೊಳ್ಳಿ. ಕೈಯಲ್ಲಿ ಫಾರಂ ಹಿಡಿದವರು ಕಟ್ಟೆಯ ಮೇಲೆ ಕೂತ ರೈತನನ್ನು ಕೇಳುತ್ತಾರೆ: ‘ಹಂದಿಗೆ ಅಂತ ಹೊಲದಲ್ಲಿ ಉರುಳು ಹಾಕಿದ್ದುಂಟಾ ಯಜಮಾನ್ರೇ?’ ಸುತ್ತ ನಾಲ್ಕು ಜನ ನಿಂತಿದ್ದಾರೆ. ಉರುಳಿಗೆ ಕರಡಿ, ಚಿರತೆಯೂ ಬೀಳುತ್ತವೆ, ಕೇಸಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ‘ಇಲ್ರೀ ಸರ, ನಮ್ಮೂರಾಗ ಅಂಥವ್ರು ಯಾರೂ ಇಲ್ರೀ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳೆಂದು ಜರೆಯುವಂತಿಲ್ಲ. ಭಯ, ಮರ್ಯಾದೆ ಎರಡೂ ಸೇರಿ ಕೊಟ್ಟ ಉತ್ತರ ಅದು.

ಅಮೆರಿಕದ ಸಂಶೋಧಕ ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಅದರ ಸುಲಭ ರೂಪ ಹೀಗಿದೆ. ಉತ್ತರಿಸುವವರು ಮರೆಯಲ್ಲಿ ನಾಣ್ಯ ಚಿಮ್ಮುತ್ತಾರೆ. ಹೆಡ್ ಬಿದ್ದರೆ ಸುಮ್ಮನೆ ‘ಹೌದು’ ಅನ್ನಬೇಕು, ಟೇಲ್ ಬಿದ್ದರೆ ನಿಜ ಹೇಳಬೇಕು. ನೂರು ಜನರಲ್ಲಿ ಸುಮಾರು 50 ‘ಹೌದು’ ನಾಣ್ಯದ್ದೇ. ಒಟ್ಟು 60 ‘ಹೌದು’ ಬಂದರೆ, ನಿಜ ಹೇಳಿದ 50 ಜನರಲ್ಲಿ 10 ಮಂದಿ ಉರುಳು ಹಾಕಿದವರು, ಅಂದರೆ ಶೇಕಡಾ 20ರ ಆಸುಪಾಸು. ಊರಿನ ಲೆಕ್ಕ ಸಿಕ್ಕಿತು, ಯಾರೊಬ್ಬರ ಗುಟ್ಟೂ ಹೊರಬೀಳಲಿಲ್ಲ.

ಸುತ್ತಲಿನವರ ಒತ್ತಡ ಎಷ್ಟೆಂದು ತಿಳಿಯಲು ಪ್ರಯೋಗ ಬೇಕು. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್, ಮಾದರಿ ಗೆರೆಯಷ್ಟೇ ಉದ್ದದ ಗೆರೆ ಯಾವುದು ಎಂಬ ಸರಳ ಪ್ರಶ್ನೆ ಕೇಳಿದರು. ಮೊದಲೇ ಹೇಳಿಟ್ಟಿದ್ದ ಜೊತೆಗಾರರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಕಣ್ಣಿಗೆ ಸರಿ ಕಂಡದ್ದನ್ನು ಬಿಟ್ಟು ಅನೇಕರು ಗುಂಪಿನ ಮಾತಿಗೆ ತಲೆಯಾಡಿಸಿದರು. ಉತ್ತರವನ್ನು ಗುಟ್ಟಾಗಿ ಬರೆದುಕೊಡಿ ಎಂದಾಗ ಆ ತಲೆಯಾಡಿಸುವಿಕೆ ಬಹಳ ಕಡಿಮೆಯಾಯಿತು. ಗ್ರಾಮಸಭೆಯಲ್ಲಿ ಕೈ ಎತ್ತಿಸಿ ‘ಊರೆಲ್ಲ ಒಪ್ಪಿದೆ’ ಎಂದು ಬರೆದುಕೊಳ್ಳುವವರು ಇದನ್ನು ನೆನೆಯಬೇಕು.

ಮೂರನೆಯ ದಾರಿ ಜೊತೆಗೆ ಬಾಳುವುದು. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ವಾಸವಿದ್ದರು. ಬರೆಯುವಾಗ ಅದನ್ನು ‘ರಾಂಪುರ’ ಎಂದು ಕರೆದರು. ಅವರದು ಸಮಾಜಶಾಸ್ತ್ರವಾದರೂ ಪಾಠ ಎಲ್ಲರಿಗೂ ಸಲ್ಲುತ್ತದೆ. ಬ್ರಾಹ್ಮಣನಾಗಿ, ಪಟೇಲರ ಆಸರೆಯಲ್ಲಿ ಇದ್ದುದರಿಂದ ತನಗೆ ಕಂಡ ಊರು ಹೆಚ್ಚಾಗಿ ಮೇಲ್ಜಾತಿಯವರ ಊರು ಎಂದು ಅವರೇ ಬರೆದರು. ಎಲ್ಲಿ ನಿಂತು ನೋಡಿದೆ ಎಂದು ಹೇಳದ ಸಂಶೋಧನೆ ಅರ್ಧ ಸಂಶೋಧನೆ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರ ಮುಂದಾಳತ್ವದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ. ನಮ್ಮಲ್ಲೇ ನೂರು ವರ್ಷ ದಾಟಿದ ಈ ಶಾಸ್ತ್ರ ಇನ್ನಾದರೂ ಹಳ್ಳಿಯ ಕಟ್ಟೆಗೆ ಬರಬೇಕು. ದರೋಜಿ ಸುತ್ತಲಿನ ಸಂಡೂರು, ಕಂಪ್ಲಿ ಕಡೆಯ ಮನೆ ಬಾಗಿಲಿಗೆ ಫಾರಂ ಬಂದಾಗ ‘ಇದು ಯಾತಕ್ಕೆ, ನನ್ನ ಹೆಸರು ಎಲ್ಲಿಗೆ ಹೋಗುತ್ತೆ, ಫಲಿತಾಂಶ ನಮಗೂ ಹೇಳ್ತೀರಾ’ ಎಂದು ಕೇಳುವುದು ಉದ್ಧಟತನವಲ್ಲ, ಹಕ್ಕು. ಮೂರಕ್ಕೂ ನೆಟ್ಟಗೆ ಉತ್ತರ ಕೊಟ್ಟವರಿಗೇ ಜನ ಮನಸ್ಸು ಬಿಚ್ಚುತ್ತಾರೆ. ಆ ಜನರಿಗಾಗಿ ಮಾಡುವ ಯೋಜನೆಯೂ ಆಗಲೇ ಸರಿದಾರಿ ಹಿಡಿಯುತ್ತದೆ.