ಲೆಕ್ಕಕ್ಕೆ ಸಿಗದ ದುರಸ್ತಿ

ರಾಷ್ಟ್ರೀಯ ಆದಾಯವನ್ನು ಗಣಿಸುವ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ. ಹಳೆಯ ವಸ್ತುವನ್ನು ಎಸೆದು ಹೊಸದನ್ನು ಕೊಂಡರೆ, ಅದಕ್ಕಾಗಿ ದೇಶದೊಳಗೆ ನಡೆದ ತಯಾರಿಕೆ, ಸಾಗಣೆ, ಮಾರಾಟಗಳೆಲ್ಲ ಒಟ್ಟು ಉತ್ಪನ್ನಕ್ಕೆ ಸೇರುತ್ತವೆ. ಅಂಗಡಿಯಲ್ಲಿ ದುರಸ್ತಿ ಮಾಡಿಸಿದರೆ ಕೊಟ್ಟ ಕೂಲಿಯಷ್ಟು ಸೇರುತ್ತದೆ. ಮನೆಯಲ್ಲಿ ಕುಳಿತು ನಾವೇ ಸರಿಪಡಿಸಿಕೊಂಡರೆ ನಮ್ಮ ಶ್ರಮಕ್ಕೆ ಅಲ್ಲಿ ಬೆಲೆಯೇ ಇಲ್ಲ. ನಿವೃತ್ತಿಯ ನಂತರ ನಾನು ಹಚ್ಚಿಕೊಂಡ ಹವ್ಯಾಸ ಈ ಮೂರನೆಯ ವರ್ಗಕ್ಕೆ ಸೇರಿದ್ದು. ಹಳೆಯ ಟೂ-ಇನ್-ಒನ್‌ಗಳನ್ನು ಬಿಚ್ಚಿ, ಮತ್ತೆ ಹಾಡುವಂತೆ ಮಾಡುವುದು ನನ್ನ ಹವ್ಯಾಸ.

ಇಂದಿನ ತರುಣರಿಗೆ ಈ ಯಂತ್ರದ ಪರಿಚಯ ಹೇಳಬೇಕಾದೀತು. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಕ್ಯಾಸೆಟ್ಟನ್ನು ಜಗತ್ತಿನ ಮುಂದಿಟ್ಟಿತು. ರೇಡಿಯೊ ಮತ್ತು ಕ್ಯಾಸೆಟ್ ರೆಕಾರ್ಡರ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಯಂತ್ರ ಅಮೆರಿಕದಲ್ಲಿ ಬೂಮ್‌ಬಾಕ್ಸ್ ಎನಿಸಿಕೊಂಡಿತು. ನಮ್ಮಲ್ಲಿ ಟೂ-ಇನ್-ಒನ್ ಆಯಿತು. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಯಲ್ಲಿ ಊರಿಗೆ ಬರುವಾಗ ಹೊತ್ತು ತರುತ್ತಿದ್ದ ವಸ್ತುಗಳಲ್ಲಿ ಜಪಾನಿನ ಟೂ-ಇನ್-ಒನ್‌ಗೆ ವಿಶೇಷ ಸ್ಥಾನವಿತ್ತು. 1978ರಲ್ಲಿ ಬಂದ ನಿಸಾರ್ ಅಹಮದರ ‘ನಿತ್ಯೋತ್ಸವ’ ಧ್ವನಿಸುರುಳಿಯು ಕನ್ನಡದ ಭಾವಗೀತೆಯನ್ನು ಮನೆಮನೆಗೆ ಒಯ್ದಿತು. ಕ್ಯಾಸೆಟ್ ಬಂದದ್ದರಿಂದ ಧ್ವನಿಮುದ್ರಣವು ಒಂದೆರಡು ದೊಡ್ಡ ಕಂಪನಿಗಳ ಹಿಡಿತದಿಂದ ಬಿಡಿಸಿಕೊಂಡು ಸಣ್ಣ ಊರುಗಳಿಗೂ ಪ್ರಾದೇಶಿಕ ಪ್ರಕಾರಗಳಿಗೂ ಹರಡಿದ ಬಗೆಯನ್ನು ಪೀಟರ್ ಮ್ಯಾನ್ಯುಯಲ್ ಎಂಬ ವಿದ್ವಾಂಸರು ಉತ್ತರ ಭಾರತವನ್ನು ಕುರಿತ ತಮ್ಮ 1993ರ ಗ್ರಂಥದಲ್ಲಿ ವಿವರಿಸಿದ್ದಾರೆ. ಕಂಪನಿಗಳ ಮಾತು ಹಾಗಿರಲಿ. ಕೆಂಪು ಗುಂಡಿಯೊಂದನ್ನು ಒತ್ತಿ ಮನೆಮಂದಿಯ ದನಿಯನ್ನು ಹಿಡಿದಿಡುವ ಸಾಮರ್ಥ್ಯ ಮೊದಲ ಬಾರಿಗೆ ಸಾಮಾನ್ಯ ಗೃಹಸ್ಥನ ಕೈಗೆ ಬಂದಿತ್ತು.

ಮೂವತ್ತು ವರ್ಷ ಅಟ್ಟದ ಮೇಲೆ ಮಲಗಿದ್ದ ಇಂತಹ ಯಂತ್ರವನ್ನು ಇಳಿಸಿದರೆ ಸಾಮಾನ್ಯವಾಗಿ ಕಂಡುಬರುವ ಕಾಯಿಲೆಗಳು ಕೆಲವೇ. ಮೋಟಾರಿನಿಂದ ಚಕ್ರಗಳಿಗೆ ಚಲನೆಯನ್ನು ಒಯ್ಯುವ ರಬ್ಬರ್ ಬೆಲ್ಟು ಸಡಿಲಗೊಂಡಿರುತ್ತದೆ, ಇಲ್ಲವೇ ಕರಗಿ ಡಾಂಬರಿನಂತೆ ಅಂಟಿಕೊಂಡಿರುತ್ತದೆ. ಟೇಪನ್ನು ಎಳೆಯುವ ರಬ್ಬರ್ ಉರುಳೆ ಗಟ್ಟಿಯಾಗಿ ಹೊಳಪೇರಿರುತ್ತದೆ. ಹೆಡ್ಡಿನ ಮೇಲೆ ಕಂದುಬಣ್ಣದ ಪುಡಿ ಕೂತಿರುತ್ತದೆ. ಸ್ವಿಚ್ಚುಗಳಿಗೆ ಕಿಲುಬು ಹತ್ತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ, ನಾಲ್ಕಾರು ಸ್ಕ್ರೂಡ್ರೈವರು, ಸಾಲ್ಡರಿಂಗ್ ಐರನ್ ಮತ್ತು ತಾಳ್ಮೆ ಇದ್ದರೆ ಇವುಗಳಲ್ಲಿ ಬಹುಪಾಲು ವಾಸಿಯಾಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಳತೆಗೆ ಹೊಂದುವ ಬೆಲ್ಟು ನನಗೆ 40 ರೂಪಾಯಿಗೆ ಸಿಕ್ಕಿತು. ಮಾರಿದಾತ, ‘ಸ್ಕ್ರೂ ಇದ್ಮೇಲೆ ಬಿಚ್ಚೋಕೇ ಇರೋದು ಸಾರ್, ಹೆದರ್ಬೇಡಿ’ ಎಂದ. ಈ ಯಂತ್ರಗಳನ್ನು ರೂಪಿಸಿದವರ ಮನೋಭಾವವೂ ಅದೇ ಆಗಿತ್ತು. ಹಲವು ಪೆಟ್ಟಿಗೆಗಳ ಒಳಮೈಯಲ್ಲಿ ವಿದ್ಯುನ್ಮಂಡಲದ ನಕ್ಷೆಯನ್ನೇ ಅಂಟಿಸಿರುತ್ತಿದ್ದರು.

ಬೆಲ್ಟು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು. 3.81 ಮಿಲಿಮೀಟರ್ ಅಗಲದ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ವೇಗ ಶೇ 6ರಷ್ಟು ವ್ಯತ್ಯಾಸವಾದರೆ ಶ್ರುತಿ ಸುಮಾರು ಒಂದು ಸ್ವರಸ್ಥಾನ ಏರುತ್ತದೆ ಇಲ್ಲವೇ ಇಳಿಯುತ್ತದೆ. ಇದನ್ನು ಹೊಂದಿಸಲು 3,000 ಹರ್ಟ್ಸ್‌ನ ಒಂದೇ ನಾದವಿರುವ ಪರೀಕ್ಷಾ ಕ್ಯಾಸೆಟ್ ಹಾಕಿ, ಮೋಟಾರಿನ ಹಿಂಬದಿಯ ಪುಟ್ಟ ರಂಧ್ರದೊಳಗಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಬೇಕು. 30 ಹರ್ಟ್ಸ್ ಹೆಚ್ಚುಕಡಿಮೆ ಎಂದರೆ ಶೇ 1ರ ದೋಷ. ಅಳೆಯುವ ಕೆಲಸವನ್ನು ಇಂದಿನ ಮೊಬೈಲೇ ಮಾಡುತ್ತದೆ.

ಈ ಶೇಕಡಾವಾರು ಲೆಕ್ಕ ನನಗೆ ಬರಿಯ ತಾಂತ್ರಿಕ ಸಂಗತಿಯಲ್ಲ. ಅರಸೀಕೆರೆಯ ಬಳಿಯ ಹಳ್ಳಿಯೊಂದರಲ್ಲಿ 1989ರಲ್ಲಿ ನಡೆದ ನಮ್ಮ ಮನೆತನದ ಮದುವೆಯಲ್ಲಿ ನನ್ನ ಸೋದರತ್ತೆ ಹೇಳಿದ ಹಸೆಹಾಡುಗಳು ಒಂದು ಕ್ಯಾಸೆಟ್ಟಿನಲ್ಲಿ ಉಳಿದಿದ್ದವು. ಅತ್ತೆ ಈಗಿಲ್ಲ. ಅವುಗಳಲ್ಲಿ ಎರಡು ಹಾಡುಗಳು ಕುಟುಂಬದಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಅಂದು ಕರೆಂಟಿಲ್ಲದೆ ಸೆಲ್ಲುಗಳಿಂದಲೇ ಮುದ್ರಿಸಿದ್ದರಿಂದ, ಸೆಲ್ಲು ಸೋತಂತೆಲ್ಲ ಯಂತ್ರ ನಿಧಾನವಾಗಿ ಓಡಿತ್ತು. ಇಂದು ಸರಿಯಾದ ವೇಗದಲ್ಲಿ ಹಾಕಿದರೆ ಕೊನೆಯ ಹಾಡಿನಲ್ಲಿ ಅತ್ತೆಯ ದನಿ ಎಳೆಯ ಹುಡುಗಿಯದರಂತೆ ಕೇಳುತ್ತಿತ್ತು. ಆ ಭಾಗಕ್ಕಾಗಿ ತಿರುಪನ್ನು ಹಿಂದಕ್ಕೆ ತಿರುಗಿಸುತ್ತ, ಅವರದೇ ದನಿ ಎಂದು ಕಿವಿ ಒಪ್ಪುವ ಜಾಗದಲ್ಲಿ ನಿಲ್ಲಿಸಿದೆ. ಹಾಡುಗಳೀಗ ಕಂಪ್ಯೂಟರಿನಲ್ಲಿವೆ. ಅತ್ತೆಯ ಮೊಮ್ಮಗಳು ಅವನ್ನು ಕೇಳಿ ಸಾಹಿತ್ಯ ಬರೆದುಕೊಂಡಿದ್ದಾಳೆ. ಟೇಪು ಕ್ಷೀಣಿಸುವ ವಸ್ತು. ಅದನ್ನು ಓದುವ ಯಂತ್ರವೂ, ಯಂತ್ರವನ್ನು ಸರಿಪಡಿಸಬಲ್ಲ ಕೈಯೂ ಅದಕ್ಕೆ ಮೊದಲೇ ಕಣ್ಮರೆಯಾದರೆ ಇಂತಹ ಎಷ್ಟೋ ದನಿಗಳು ಕಪಾಟಿನಲ್ಲಿದ್ದೂ ಇಲ್ಲದಂತಾಗುತ್ತವೆ.

ಕೈಗಳು ಕಣ್ಮರೆಯಾಗುತ್ತಿರುವುದಕ್ಕೆ ಅರ್ಥಶಾಸ್ತ್ರ ಕಾರಣ ಹೇಳುತ್ತದೆ. ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವನ್ 1966ರಲ್ಲಿ ರಂಗಕಲೆಗಳ ಬಗ್ಗೆ ಬರೆಯುತ್ತ, ಯಂತ್ರಗಳಿಂದ ಉತ್ಪಾದಕತೆ ಹೆಚ್ಚುವ ಕ್ಷೇತ್ರಗಳ ಮುಂದೆ ಮನುಷ್ಯನ ಸಮಯವನ್ನೇ ಬೇಡುವ ಕೆಲಸಗಳು ಕ್ರಮೇಣ ದುಬಾರಿಯಾಗುತ್ತವೆ ಎಂದು ತೋರಿಸಿದರು. ದುರಸ್ತಿಯೂ ಅಂಥದೇ. ಕಾರ್ಖಾನೆ ದಿನಕ್ಕೆ ಸಾವಿರ ಪೆಟ್ಟಿಗೆ ಹೊರಹಾಕಬಲ್ಲದು. ರಿಪೇರಿಯವನು ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು. ಸರ್ಕಾರಿ ಕಚೇರಿಗಳಲ್ಲಿ ಹಳೆಯ ಸಾಮಗ್ರಿಯನ್ನು ವಿಲೇವಾರಿ ಮಾಡುವಾಗ ‘ದುರಸ್ತಿ ಲಾಭದಾಯಕವಲ್ಲ’ ಎಂದು ಷರಾ ಬರೆಯುವುದುಂಟು. ಖರ್ಚಿನ ದೃಷ್ಟಿಯಿಂದ ಆ ಷರಾ ಅನೇಕ ಬಾರಿ ಸರಿಯೇ. ಆದರೆ ಫ್ರೆಂಚ್ ಲೇಖಕ ಫ್ರೆಡೆರಿಕ್ ಬಾಸ್ತಿಯಾ 1850ರಲ್ಲೇ ಎಚ್ಚರಿಸಿದಂತೆ, ಕಣ್ಣಿಗೆ ಕಾಣುವುದರ ಜೊತೆಗೆ ಕಾಣದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಡೆದ ಕಿಟಕಿಯಿಂದ ಗಾಜಿನವನಿಗೆ ಕೆಲಸ ಸಿಕ್ಕರೂ ಸಮಾಜ ಒಂದು ಗಾಜನ್ನು ಕಳೆದುಕೊಂಡಿರುತ್ತದೆ. ಬೆಲ್ಟೊಂದು ಹೋಯಿತೆಂದು ಎಸೆದ ಯಂತ್ರದಲ್ಲಿ ತಾಮ್ರ, ತವರ, ಪ್ಲಾಸ್ಟಿಕ್ಕಿನೊಡನೆ ಅದನ್ನು ಜೋಡಿಸಿದವರ ಕುಶಲತೆಯೂ ಇರುತ್ತದೆ. ಮರುಬಳಕೆಗೆಂದು ಕರಗಿಸಿದರೆ ಲೋಹ ಮರಳಿ ಬಂದೀತು, ಕುಶಲತೆ ಬಾರದು.

ನೀತಿ ನಿರೂಪಕರು ಇದನ್ನು ಗಮನಿಸಿಲ್ಲವೆಂದಲ್ಲ. ಫ್ರಾನ್ಸ್ 2021ರಿಂದ ಕೆಲವು ವಿದ್ಯುನ್ಮಾನ ವಸ್ತುಗಳ ಮೇಲೆ ಅವು ಎಷ್ಟರಮಟ್ಟಿಗೆ ದುರಸ್ತಿಯೋಗ್ಯ ಎಂಬ ಅಂಕವನ್ನು ನಮೂದಿಸುವುದನ್ನು ಕಡ್ಡಾಯಗೊಳಿಸಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ನಿರ್ದೇಶನವನ್ನು ಅಂಗೀಕರಿಸಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಈ ಬಗ್ಗೆ ಸಮಿತಿಯೊಂದನ್ನು ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಲಾಯಿತು. ಅದೇ ಡಿಸೆಂಬರ್ 24ರಂದು ಪೋರ್ಟಲ್ಲೂ ಆರಂಭವಾಯಿತು. ಇದು ಸ್ವಾಗತಾರ್ಹ. ಆದರೆ ಪೋರ್ಟಲ್ ಮಾಹಿತಿ ಕೊಡುತ್ತದೆ; ಹಕ್ಕನ್ನು ಕೊಡಬೇಕಾದದ್ದು ಕಾನೂನು. ಬಿಡಿಭಾಗಗಳನ್ನು ನಿಗದಿತ ವರ್ಷಗಳವರೆಗೆ ಒದಗಿಸುವುದು, ನಕ್ಷೆ ಮತ್ತು ಕೈಪಿಡಿಗಳನ್ನು ಸ್ವತಂತ್ರ ರಿಪೇರಿಯವರಿಗೂ ಕೊಡುವುದು, ಅಂಟಿನ ಬದಲು ತಿರುಪು ಬಳಸುವುದು, ಇವು ತಯಾರಕರ ಔದಾರ್ಯಕ್ಕೆ ಬಿಡಬಹುದಾದ ವಿಷಯಗಳಲ್ಲ.

ಹಳೆಯದನ್ನೆಲ್ಲ ಉಳಿಸಿಕೊಳ್ಳಬೇಕೆಂಬ ವಾದ ನನ್ನದಲ್ಲ. ಹೆಚ್ಚು ವಿದ್ಯುತ್ ನುಂಗುವ ಹಳೆಯ ಫ್ರಿಜ್ಜನ್ನು ಬದಲಿಸುವುದೇ ವಿವೇಕವಾಗಬಹುದು. ಆದರೆ ಅದು ಯೋಚಿಸಿ ಕೈಗೊಂಡ ತೀರ್ಮಾನವಾಗಬೇಕೇ ಹೊರತು ಬಿಚ್ಚಲಾಗದ ಕಾರಣಕ್ಕೆ ಒಪ್ಪಿಕೊಂಡ ಸೋಲಾಗಬಾರದು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ‘ರೇಡಿಯೊ ಮತ್ತು ಟಿ.ವಿ. ಮೆಕ್ಯಾನಿಕ್’ ಶಿಕ್ಷಣ ಪಡೆದ ಒಂದು ತಲೆಮಾರು ನಮ್ಮ ಊರುಗಳ ಗಲ್ಲಿಗಳಲ್ಲಿ ಅಂಗಡಿ ತೆರೆದು ಸಂಸಾರ ಸಾಗಿಸಿತು. ಅವರಲ್ಲಿ ಹಲವರು ಈಗ ಅರವತ್ತು ದಾಟಿದವರು. ಅವರ ಕೈಯಲ್ಲಿರುವ ವಿದ್ಯೆ ಯಾವ ಕೈಪಿಡಿಯಲ್ಲೂ ಪೂರ್ತಿಯಾಗಿ ಬರೆದಿಲ್ಲ. ವಾರಕ್ಕೆ ಒಂದು ದಿನ ಅವರನ್ನು ತರಬೇತಿ ಸಂಸ್ಥೆಗೆ ಕರೆಸಿ, ಗೌರವಧನ ಕೊಟ್ಟು, ಹುಡುಗರ ಪಕ್ಕದಲ್ಲಿ ಕೂರಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಜಿಲ್ಲಾ ಮಟ್ಟದ ಅಧಿಕಾರಿಯೊಬ್ಬರು ಮನಸ್ಸು ಮಾಡಿದರೆ ಈ ವರ್ಷವೇ ಆರಂಭಿಸಬಹುದು.